ಒಂದೇ ಮಷೀನು, ಮೂರು ಡೇಟಾಬೇಸ್: ತಿಕೋಟಾದ ಪಟ್ಟಿ ಬಬಲೇಶ್ವರಕ್ಕೆ ಬೆರೆಯದ ಹಾಗೆ

ವಿಜಯಪುರದ ನಮ್ಮ ಸಣ್ಣ ಕೋಣೆಯಲ್ಲಿ ಇರೋದು ಒಂದೇ ಕಂಪ್ಯೂಟರು, 16 ಜಿಬಿ ರ‍್ಯಾಮ್. ಅದರ ಮೇಲೆ ಮೂರು ಡೇಟಾಬೇಸ್ ಸರ್ವರ್ ಓಡುತ್ತವೆ. ಒಂದರಲ್ಲಿ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರ ಗುಂಪೊಂದರ ಸದಸ್ಯರ ಪಟ್ಟಿ ಮತ್ತು ಲೆಕ್ಕ. ಇನ್ನೊಂದರಲ್ಲಿ 2011ರ ಜನಗಣತಿಯ ಊರುವಾರು ಅಂಕಿಗಳು, ಚುನಾವಣಾ ಫಲಿತಾಂಶಗಳು. ಮೂರನೆಯದು ಬರೀ ಪ್ರಯೋಗಕ್ಕೆ. ಬಂದವರೆಲ್ಲ ಕೇಳೋದು ಒಂದೇ: "ಎಲ್ಲಾ ಒಂದರಾಗ ಹಾಕಿದ್ರ ಮುಗೀತಲ್ರಿ, ಬ್ಯಾರೆ ಬ್ಯಾರೆ ಯಾಕ?"

ಉತ್ತರ ಕೊಡೋಕೆ ಮೊದಲು ಊರಿನ ಹೆಸರುಗಳಿಂದ ಶುರು ಮಾಡಬೇಕು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಬಿಜಾಪುರ, ತಾಲೂಕುಗಳು ಐದೇ. 2014ರ ನವೆಂಬರ್ 1ಕ್ಕೆ ಬಿಜಾಪುರ ಹೋಗಿ ವಿಜಯಪುರ ಆಯಿತು. ಆಮೇಲೆ ಹಳೆಯ ವಿಜಯಪುರ ತಾಲೂಕನ್ನು ಒಡೆದು ತಿಕೋಟಾ, ಬಬಲೇಶ್ವರ ತಾಲೂಕುಗಳನ್ನು ಮಾಡಿದರು. ವಿಧಾನಸಭೆಯ ಲೆಕ್ಕ ಇನ್ನೂ ಬೇರೆ. 2004ರ ಚುನಾವಣೆವರೆಗೆ ತಿಕೋಟಾ ಒಂದು ಕ್ಷೇತ್ರ. ಮರುವಿಂಗಡಣೆ ಆದಮೇಲೆ 2008ರಿಂದ ಅದರ ಜಾಗದಲ್ಲಿ ಬಬಲೇಶ್ವರ ಕ್ಷೇತ್ರ ಬಂತು, ತಿಕೋಟಾ ಊರು ಅದರೊಳಗೇ ಸೇರಿತು. ಹಾಗಾಗಿ ಒಂದು ಸಾಲಿನಲ್ಲಿ ‘ತಿಕೋಟಾ’ ಅಂತ ಇದ್ದರೆ ಅದು ಊರೋ, ತಾಲೂಕೋ, ಈಗ ಇಲ್ಲದ ಕ್ಷೇತ್ರವೋ ಅಂತ ಕೇಳಲೇಬೇಕು.

ಒಂದು ಹೆಸರು ತಪ್ಪು ಸಾಲಿಗೆ ಬಿದ್ದರೆ ಏನಾಗುತ್ತೆ ಅಂತ ತಿಕೋಟಾ ತಾಲೂಕಿನ ಹೊನವಾಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಅಕ್ಟೋಬರಿನಲ್ಲಿ ಊರಿನ 1,200 ಎಕರೆ ವಕ್ಫ್ ಆಸ್ತಿ ಅನ್ನೋ ಸುದ್ದಿ ಹಬ್ಬಿ ರೈತರು ಪ್ರತಿಭಟನೆಗೆ ಇಳಿದರು. ಜಿಲ್ಲಾ ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರು ಕೊಟ್ಟ ವಿವರಣೆ ಇದು: 1974ರ ಗೆಜೆಟ್‌ನಲ್ಲಿ ಮಹಲಬಾಗಾಯತದ ಆಸ್ತಿಯ ಮುಂದೆ ಆವರಣದೊಳಗೆ ‘ಹೊನವಾಡ’ ಅಂತ ತಪ್ಪಾಗಿ ಸೇರಿತ್ತು, 1977ರಲ್ಲಿ ಅದನ್ನು ತಿದ್ದಲಾಗಿತ್ತು, ಹೊನವಾಡದಲ್ಲಿ ವಕ್ಫ್‌ಗೆ ಸೇರಿದ್ದು 11 ಎಕರೆ ಮಾತ್ರ. ಕೊನೆಗೆ ರೈತರಿಗೆ ಕೊಟ್ಟ ನೋಟಿಸುಗಳನ್ನು ವಾಪಸ್ ಪಡೆಯಲು ಮುಖ್ಯಮಂತ್ರಿ ಸಿದ್ದರಾಮಯ್ಯ ಸೂಚಿಸಿದರು. ಆ ವಿವಾದದ ರಾಜಕೀಯ ಬೇರೆ ಲೇಖನದ ವಿಷಯ. ಡೇಟಾ ಕೆಲಸದವನಾದ ನನಗೆ ಅದರಲ್ಲಿ ಕಂಡಿದ್ದು ಇಷ್ಟು: ತಪ್ಪನ್ನು ಒಂದು ಕಡೆ ತಿದ್ದಿದರೂ ಅದರ ಹಳೆಯ ಪ್ರತಿ ಎಲ್ಲೋ ಬದುಕಿರುತ್ತೆ, ದಶಕಗಳ ನಂತರವೂ ಎದ್ದು ಬರುತ್ತೆ.

ನಾನೂ ಒಂದು ತಪ್ಪು ಮಾಡಿದೆ, ಸಣ್ಣ ಮಟ್ಟದಲ್ಲಿ. ಆಗ ಇದ್ದಿದ್ದು ಒಂದೇ ಸರ್ವರು. ಅಸಲಿ ಪಟ್ಟಿ, ಪ್ರಯೋಗದ ಪಟ್ಟಿ ಎರಡೂ ಅದರೊಳಗೆ, ಪಾಸ್‌ವರ್ಡೂ ಒಂದೇ. ಬೆಳೆಗಾರರ ತಾಲೂಕಿನ ಕಾಲಂ ಸರಿಪಡಿಸೋ ಆದೇಶವನ್ನು ಪ್ರಯೋಗದ ಪ್ರತಿಯ ಮೇಲೆ ಓಡಿಸ್ತಾ ಇದೀನಿ ಅಂದುಕೊಂಡು ಅಸಲಿಯ ಮೇಲೆ ಓಡಿಸಿದೆ. ಯಾವ ಊರುಗಳಿಗೆ ಅನ್ನೋ ಷರತ್ತನ್ನೂ ಹಾಕಿರಲಿಲ್ಲ. ಎರಡು ಸೆಕೆಂಡಿನಲ್ಲಿ ಬಬಲೇಶ್ವರದ ರೈತರೆಲ್ಲ ತಿಕೋಟಾದವರಾದರು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಬಚಾವಾದೆ. ಅವತ್ತು ಹಗಲೆಲ್ಲ ತುಂಬಿದ್ದನ್ನು ಕೈಯಿಂದ ಮತ್ತೆ ತುಂಬಬೇಕಾಯಿತು. ನೋಡದೇ ಹೋಗಿದ್ದರೆ ಪರಿಹಾರದ ಅರ್ಜಿ ಹಿಡಿದ ರೈತ ತಪ್ಪು ತಹಶೀಲ್ದಾರ್ ಕಚೇರಿ ಮುಂದೆ ನಿಂತಿರುತ್ತಿದ್ದ.

ದೊಡ್ಡವರಿಗೂ ಇದು ತಪ್ಪಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಸರ್ವರ್‌ನ ಡೇಟಾ ಅಳಿಸಿಬಿಟ್ಟರು. ಸುಮಾರು 6 ತಾಸಿನ ಡೇಟಾ ಹೋಯಿತು. ಬ್ಯಾಕಪ್ ವ್ಯವಸ್ಥೆಗಳನ್ನು ನೋಡಿದರೆ ಒಂದಾದ ಮೇಲೊಂದು ಕೈಕೊಟ್ಟಿದ್ದವು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು. ನಮ್ಮ ಇಲಾಖೆಗಳು ಕಲಿಯಬೇಕಾದ ಗುಣ ಅದು.

ಒಂದೇ ವಾಡೆ, ಬೇರೆ ಒಲಿ

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾದರೂ ವಾಡೆ ಒಂದೇ ಇರುತ್ತೆ, ಒಲಿ ಬೇರೆ ಹೂಡುತ್ತಾರೆ. ಮಷೀನಿನಲ್ಲೂ ಹಾಗೇ ಮಾಡಬಹುದು.

ಗೋಡೆ ಎಷ್ಟು ದಪ್ಪ ಬೇಕು ಅನ್ನೋದರ ಮೇಲೆ ದಾರಿಗಳಿವೆ. ಒಂದೇ ಸರ್ವರ್‌ನೊಳಗೆ ಎರಡು ಡೇಟಾಬೇಸ್ ಇಡೋದು ಒಂದೇ ಒಲಿಯ ಮೇಲೆ ಎರಡು ಪಾತ್ರೆ ಇಟ್ಟ ಹಾಗೆ. ಒಲಿ ಆರಿದರೆ ಎರಡೂ ಹಸಿ. ಅದಕ್ಕಿಂತ ಮೇಲು, ಅದೇ ಸಾಫ್ಟ್‌ವೇರನ್ನು ಎರಡು ಸಲ ಓಡಿಸೋದು. ಪ್ರತಿಯೊಂದಕ್ಕೂ ಸ್ವಂತ ಡೇಟಾ ಫೋಲ್ಡರ್, ಸ್ವಂತ ಪೋರ್ಟ್. ಪೋಸ್ಟ್‌ಗ್ರೆಸ್‌ನ ರೂಢಿಯ ಪೋರ್ಟ್ 5432, ಮೈಎಸ್‌ಕ್ಯೂಎಲ್‌ದು 3306. ಎರಡನೇ ಪೋಸ್ಟ್‌ಗ್ರೆಸ್‌ಗೆ 5433 ಕೊಟ್ಟರಾಯಿತು. ಅದಕ್ಕೂ ಮೇಲು ಕಂಟೇನರ್. ಲಿನಕ್ಸ್ ಕರ್ನಲ್ ಒಂದೇ ಇರುತ್ತೆ, ಆದರೆ ಪ್ರತಿ ಕಂಟೇನರ್‌ಗೂ ತನ್ನದೇ ಫೈಲು, ತನ್ನದೇ ನೆಟ್‌ವರ್ಕ್ ಮಾತ್ರ ಕಾಣುತ್ತೆ, ಎಷ್ಟು ಮೆಮೊರಿ ಬಳಸಬಹುದು ಅಂತಲೂ ಮಿತಿ ಹಾಕಬಹುದು. 2013ರಲ್ಲಿ ಬಂದ ಡಾಕರ್ ಇದನ್ನು ಎಲ್ಲರ ಕೈಗೆ ತಂದಿತು. ವಿಚಾರ ಮಾತ್ರ ಹಳೆಯದು, ಫ್ರೀಬಿಎಸ್‌ಡಿಯಲ್ಲಿ ‘ಜೈಲ್’ ಅನ್ನೋ ಹೆಸರಲ್ಲಿ 2000ದಲ್ಲೇ ಇತ್ತು. ಎಲ್ಲಕ್ಕಿಂತ ದಪ್ಪ ಗೋಡೆ ವರ್ಚುವಲ್ ಮಷೀನ್, ಅದರಲ್ಲಿ ಕರ್ನಲ್ಲೂ ಬೇರೆ. ನಮ್ಮ ಪುಟ್ಟ ಕಂಪ್ಯೂಟರಿಗೆ ಅದು ಭಾರ.

ನಾವು ಆರಿಸಿದ್ದು ಕಂಟೇನರ್. ಬೆಳೆಗಾರರ ಲೆಕ್ಕದ ಸಾಫ್ಟ್‌ವೇರ್ ಹಳೇದು, ಮೈಎಸ್‌ಕ್ಯೂಎಲ್ 5.7 ಬಿಟ್ಟರೆ ನಡೆಯೋದಿಲ್ಲ. ಅದಕ್ಕೆ ಕಂಪನಿಯ ಬೆಂಬಲ 2023ರ ಅಕ್ಟೋಬರಿಗೇ ಮುಗಿದಿದೆ, ಅಂದರೆ ಹೊಸ ತೂತು ಕಂಡರೆ ಮುಚ್ಚೋರಿಲ್ಲ. ಅದನ್ನು ಹೊರಗಿನ ನೆಟ್‌ವರ್ಕ್ ತಾಗದ ಕಂಟೇನರ್‌ನಲ್ಲಿ ಕೂಡಿಸಿದ್ದೀವಿ. ಜನಗಣತಿ, ಚುನಾವಣೆಗೆ ಪೋಸ್ಟ್‌ಗ್ರೆಸ್. ಮೂರನೆಯದರಲ್ಲಿ ಬೆಳೆಗಾರರ ಪಟ್ಟಿಯ ನಕಲು, ಫೋನ್ ನಂಬರು ಅಳಿಸಿ. ಹಳೆಯ ನುಡಿ ಫಾಂಟಿನ ಹೆಸರುಗಳನ್ನು ಯೂನಿಕೋಡ್‌ಗೆ ತರೋ ಕೆಲಸ ಮೊದಲು ಇಲ್ಲೇ ನಡೆಯೋದು. ಒತ್ತಕ್ಷರ ಕೆಟ್ಟರೆ ಇಲ್ಲೇ ಕೆಡಲಿ.

ಗೋಡೆಯ ರಾಜಕೀಯ

ಇಷ್ಟರವರೆಗೆ ಆಕಸ್ಮಿಕ ತಪ್ಪಿನ ಮಾತು. ಬೇಕಂತಲೇ ಆಗೋ ಬೆರಕೆಯೂ ಇದೆ, ಈ ಸೈಟು ಓದೋರಿಗೆ ಅದೇ ಮುಖ್ಯ ಅಂತ ನನ್ನ ಅಂದಾಜು. ಚುನಾವಣೆ ಹತ್ತಿರ ಬಂದಾಗ ಗೆಳೆಯರೇ ಕೇಳುತ್ತಾರೆ: "ದ್ರಾಕ್ಷಿ ರೈತರ ಪಟ್ಟಿನ ಬೂತ್ ಪಟ್ಟಿಗಿ ಜೋಡಿಸಿ ಕೊಡಪಾ, ಒಂದ್ ನಿಮಿಷದ ಕೆಲಸ." ಮೈಎಸ್‌ಕ್ಯೂಎಲ್‌ನ ಒಂದೇ ಸರ್ವರ್‌ನೊಳಗೆ ಎರಡೂ ಇದ್ದರೆ, ಎರಡಕ್ಕೂ ಅನುಮತಿ ಇರೋ ಬಳಕೆದಾರನಿಗೆ ಅದು ನಿಜವಾಗಲೂ ಒಂದು ಸಾಲಿನ ಆದೇಶ. ಬೇರೆ ಬೇರೆ ಸರ್ವರ್, ಬೇರೆ ಬೇರೆ ಪಾಸ್‌ವರ್ಡ್ ಇದ್ದರೆ ಹಾಗಲ್ಲ. ಒಂದರಿಂದ ತೆಗೆದು ಇನ್ನೊಂದಕ್ಕೆ ತುಂಬಬೇಕು, ಅದಕ್ಕೆ ಇಬ್ಬರ ಕೀಲಿ ಬೇಕು, ಯಾರು ಮಾಡಿದರು ಅಂತ ಗೊತ್ತಾಗುತ್ತೆ. ಅಸಾಧ್ಯ ಅಂತ ಹೇಳ್ತಿಲ್ಲ. ಸುಮ್ಮನೆ ನಡೆದುಹೋಗೋದಿಲ್ಲ ಅಷ್ಟೇ. ರೈತ ಫೋನ್ ನಂಬರು ಕೊಟ್ಟಿದ್ದು ಔಷಧಿ ಸಿಂಪಡಣೆಯ ಸಂದೇಶಕ್ಕೆ, ಪ್ರಚಾರದ ಕರೆಗಲ್ಲ. ಒಂದು ಉದ್ದೇಶಕ್ಕೆ ಒಪ್ಪಿಗೆ ಪಡೆದ ಮಾಹಿತಿಯನ್ನು ಆ ಉದ್ದೇಶಕ್ಕೇ ಬಳಸಬೇಕು ಅನ್ನೋದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ಮಾತೂ ಹೌದು.

ಎಡವೋ ಜಾಗಗಳು

ಡಾಕರ್‌ನಲ್ಲಿ ಪೋರ್ಟ್ ತೆರೆಯುವಾಗ ಸುಮ್ಮನೆ ಪೋರ್ಟ್ ಸಂಖ್ಯೆ ಬರೆದರೆ ಅದು ಎಲ್ಲಾ ನೆಟ್‌ವರ್ಕ್‌ಗೂ ತೆರೆದುಕೊಳ್ಳುತ್ತೆ. ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದರೂ ಡಾಕರ್ ತನ್ನ ನಿಯಮ ಬರೆದು ಅದನ್ನು ದಾಟುತ್ತೆ. ಪೋರ್ಟಿನ ಮುಂದೆ 127.0.0.1 ಅಂತ ಸೇರಿಸಿದರೆ ಆ ಮಷೀನಿಗೆ ಮಾತ್ರ ಸೀಮಿತ. ಹೊಸಬರು ಹೆಚ್ಚು ಎಡವೋದು ಇಲ್ಲೇ, ಅದಕ್ಕೇ ಮೊದಲು ಹೇಳಿದೆ.

ಡೇಟಾವನ್ನು ಹೆಸರಿಟ್ಟ ವಾಲ್ಯೂಮ್‌ನಲ್ಲಿ ಇಡಿ. ಕಂಟೇನರ್ ಹೋದರೂ ಡೇಟಾ ಉಳಿಯಬೇಕು. ಒಂದೇ ಡೇಟಾ ಫೋಲ್ಡರನ್ನು ಎರಡು ಪೋಸ್ಟ್‌ಗ್ರೆಸ್ ಕಂಟೇನರ್‌ಗೆ ಕೊಡಲೇಬೇಡಿ. ಸಾಮಾನ್ಯವಾಗಿ ಎರಡನೆಯದು ಫೋಲ್ಡರ್‌ನೊಳಗಿನ ಬೀಗದ ಫೈಲ್ ನೋಡಿ ನಿಲ್ಲುತ್ತೆ, ಆದರೆ ಕಂಟೇನರ್‌ನ ಗೋಡೆಯಿಂದಾಗಿ ಮೊದಲನೆಯದು ಓಡ್ತಿರೋದು ಅದಕ್ಕೆ ಕಾಣದೇ ಹೋಗಬಹುದು, ಆಗ ಡೇಟಾ ಕೆಡುತ್ತೆ. ಕನ್ನಡದವರಿಗೆ ಇನ್ನೊಂದು: ಆಲ್ಪೈನ್ ಇಮೇಜಿನಲ್ಲಿದ್ದ ಡೇಟಾ ಫೋಲ್ಡರನ್ನು ಹಾಗೇ ಎತ್ತಿ ಡೆಬಿಯನ್ ಇಮೇಜಿಗೆ ಕೊಟ್ಟರೆ ಅಕ್ಷರ ಜೋಡಣೆಯ ಕ್ರಮ ಬದಲಾಗಿ ಸೂಚ್ಯಂಕ ದಾರಿ ತಪ್ಪಬಹುದು. ಪಟ್ಟಿಯಲ್ಲಿ ಇರೋ ಊರನ್ನು ಹುಡುಕಿದರೆ ಇಲ್ಲ ಅನ್ನುತ್ತೆ. ಫೋಲ್ಡರ್ ಎತ್ತಬೇಡಿ, ಡಂಪ್ ತೆಗೆದು ಹೊಸದಕ್ಕೆ ತುಂಬಿ.

ಮೆಮೊರಿಗೆ ಮಿತಿ ಹಾಕಿ. ಇಲ್ಲಾಂದ್ರೆ ಪ್ರಯೋಗದ ಸರ್ವರ್ ಒಂದು ಕೆಟ್ಟ ಆದೇಶಕ್ಕೆ ಎಲ್ಲಾ ನುಂಗಿ, ಕರ್ನಲ್ ಸಿಟ್ಟಿಗೆದ್ದು ಅಸಲಿಯನ್ನೇ ಕೊಂದು ಹಾಕಬಹುದು.

ಇಷ್ಟೆಲ್ಲ ಗೋಡೆ ಕಟ್ಟಿದರೂ ವಾಡೆ ಒಂದೇ ಅನ್ನೋದು ನೆನಪಿರಲಿ. ಡಿಸ್ಕ್ ಒಂದೇ, ಕರೆಂಟೂ ಒಂದೇ. ಡಿಸ್ಕ್ ಸುಟ್ಟರೆ ಮೂರೂ ಒಟ್ಟಿಗೆ ಹೋಗುತ್ತವೆ. ನಮ್ಮದು ಪ್ರತಿ ರಾತ್ರಿ ಡಂಪ್, ಅದರ ಒಂದು ಪ್ರತಿ ಬೇರೆ ಮನೆಯಲ್ಲಿ. ಭಾನುವಾರ ಆ ಡಂಪನ್ನು ಪ್ರಯೋಗದ ಕಂಟೇನರ್‌ಗೆ ತುಂಬಿ, ಹೊನವಾಡದ ಸದಸ್ಯರು ತಿಕೋಟಾ ತಾಲೂಕಿನಲ್ಲೇ ಇದಾರಾ ಅಂತ ಎಣಿಸಿ ನೋಡ್ತೀವಿ. ಅಸಲಿ ಸರ್ವರ್‌ನ ಕಿಟಕಿಗೆ ಈಗ ಕೆಂಪು ಬಣ್ಣ ಹಾಕಿದ್ದೀನಿ.