ಇ-ಪುಸ್ತಕದ ಪುಟ ಮತ್ತು ಓದುಗರ ಅಧಿಕಾರ

ಅಚ್ಚಿನ ಪುಸ್ತಕದಲ್ಲಿ ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ, ಅಂಚಿನ ಅಗಲ ಎಲ್ಲವೂ ಮುದ್ರಣಾಲಯದಲ್ಲಿಯೇ ತೀರ್ಮಾನವಾಗುತ್ತಿದ್ದುದರಿಂದ, ದೃಷ್ಟಿ ಮಂದವಾದವರು ಭೂತಗನ್ನಡಿಯನ್ನು ನೆಚ್ಚಬೇಕಿತ್ತು, ಇಲ್ಲವೇ ಓದನ್ನೇ ಬಿಡಬೇಕಿತ್ತು. ಇಂಗ್ಲೆಂಡಿನ ಫ್ರೆಡರಿಕ್ ಥಾರ್ಪ್ 1964ರಲ್ಲಿ ಇಂಥವರಿಗಾಗಿಯೇ ದೊಡ್ಡ ಅಕ್ಷರದ ಪುಸ್ತಕಗಳ ಪ್ರಕಟಣೆಯನ್ನು ಆರಂಭಿಸಿದರಾದರೂ, ಯಾವ ಕೃತಿಗೆ ಆ ಭಾಗ್ಯ ದೊರೆಯಬೇಕೆಂಬುದು ಪ್ರಕಾಶಕರ ಆಯ್ಕೆಯಾಗಿಯೇ ಉಳಿಯಿತು.

ಈ ಕಟ್ಟು ಸಡಿಲಗೊಂಡದ್ದು ಪಠ್ಯವನ್ನೂ ಅದರ ರೂಪವನ್ನೂ ಬೇರ್ಪಡಿಸಿದ ಮೇಲೆ. 1994ರಲ್ಲಿ, ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ನಾರ್ವೆಯ ಹೋಕನ್ ವಿಯುಮ್ ಲೀ ಅವರು ಜಾಲಪುಟಗಳ ರೂಪವನ್ನು ನಿರ್ದೇಶಿಸುವ ಸಿಎಸ್‌ಎಸ್ ಎಂಬ ನಿಯಮಾವಳಿಯನ್ನು ಸೂಚಿಸಿದಾಗ, ಲೇಖಕರ ಇಚ್ಛೆಯ ಜೊತೆಗೆ ಓದುಗರ ಇಚ್ಛೆಗೂ ಅದರಲ್ಲಿ ಸ್ಥಾನ ಕಲ್ಪಿಸಿದ್ದರು. ಇಬ್ಬರೂ ತಮ್ಮ ನಿಯಮವೇ ಕಡ್ಡಾಯವೆಂದು ಗುರುತಿಸಿದರೆ, 1996ರ ಮೊದಲ ಆವೃತ್ತಿಯ ಪ್ರಕಾರ ಲೇಖಕರ ಮಾತೇ ನಡೆಯುತ್ತಿತ್ತು. 1998ರ ಎರಡನೆಯ ಆವೃತ್ತಿಯಾದರೋ, ವಿಶೇಷ ಅಗತ್ಯವುಳ್ಳವರ ಅನುಕೂಲವನ್ನು ಮುಂದಿಟ್ಟು, ಈ ಕ್ರಮವನ್ನು ತಿರುಗಿಸಿ ಓದುಗರಿಗೆ ಕೊನೆಯ ಮಾತನ್ನು ಒಪ್ಪಿಸಿತು. ತಾಂತ್ರಿಕ ದಾಖಲೆಯೊಳಗೆ ಅಡಗಿರುವ ಈ ತಿದ್ದುಪಡಿ ಓದಿನ ಇತಿಹಾಸದ ಒಂದು ಮುಖ್ಯ ತಿರುವು.

2007ರಲ್ಲಿ ಮಾನ್ಯತೆ ಪಡೆದ ಇಪಬ್, ಅಂದರೆ ಇ-ಪುಸ್ತಕಗಳ ಮುಕ್ತ ಕಡತ ಮಾದರಿ, ಸಿಎಸ್‌ಎಸ್ ಅನ್ನೇ ಬಳಸಿಕೊಂಡು, ಪರದೆಯ ಅಳತೆಗೆ ತಕ್ಕಂತೆ ಸಾಲುಗಳು ಮರುಹೊಂದಿಕೊಳ್ಳುವ ಪುಟಕ್ಕೆ ದಾರಿ ಮಾಡಿತು. ಆದರೆ ಸಾಧನಗಳು ಆಯ್ಕೆಯನ್ನು ಕಂತುಕಂತಾಗಿ ಬಿಟ್ಟುಕೊಟ್ಟವು. ಅದೇ ವರ್ಷ ಬಂದ, ಅಮೆಜಾನ್ ಕಂಪನಿಯ ಇ-ಪುಸ್ತಕ ಓದುವ ಸಾಧನವಾದ ಮೊದಲ ಕಿಂಡಲ್‌ನಲ್ಲಿ ಆರು ಗಾತ್ರಗಳಿದ್ದರೂ ಅಕ್ಷರವಿನ್ಯಾಸ, ಎಂದರೆ ಫಾಂಟ್, ಒಂದೇ ಆಗಿತ್ತು. ಓದುಗರು ತಮ್ಮದೇ ಫಾಂಟ್‌ಗಳನ್ನು ಅಳವಡಿಸಿಕೊಳ್ಳಲು ಕಿಂಡಲ್ ಅನುವು ಮಾಡಿಕೊಟ್ಟದ್ದು 2018ರಲ್ಲಿ.

ಕನ್ನಡಕ್ಕೆ ಈ ಅಧಿಕಾರ ಇನ್ನೂ ಅಗತ್ಯವಾದುದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ರೋಮನ್ ಲಿಪಿಗೆ ಸಾಕಾಗುವ ಅಂತರ ಕನ್ನಡದಲ್ಲಿ ಇಕ್ಕಟ್ಟಾಗುತ್ತದೆ. ಕನ್ನಡವನ್ನು ಬಲ್ಲ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತವೆ. ಹಾಗಿದ್ದೂ, 2016ರ ಡಿಸೆಂಬರಿನಲ್ಲಿ ಅಮೆಜಾನ್ ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ಪ್ರಕಟಿಸಿದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪುಟದ ರೂಪವನ್ನು ತಿದ್ದಿಕೊಳ್ಳುವ ಹಕ್ಕು ಓದುಗರ ಕೈಗೆ ಬರಬೇಕಾದರೆ, ಅವರ ಲಿಪಿಗೆ ಮೊದಲು ಆ ಸಾಧನದಲ್ಲಿ ನೆಲೆ ಸಿಗಬೇಕೆಂಬುದನ್ನು ಈ ಇತಿಹಾಸ ಸ್ಪಷ್ಟಪಡಿಸುತ್ತದೆ.