ಸಾರ್ಕ್ ದ್ವೀಪದ ಚುನಾವಣೆ: ಮತದಾರರಿದ್ದೂ ಉಮೇದುವಾರರ ಕೊರತೆ

ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಗರ್ನ್ಸಿಗೆ ಸಮೀಪವಿರುವ ಸಾರ್ಕ್ ದ್ವೀಪದ ವಿಸ್ತೀರ್ಣ ಸುಮಾರು 5.5 ಚದರ ಕಿಲೋಮೀಟರು. 2008ರ ಡಿಸೆಂಬರ್ 10ರಂದು ಅಲ್ಲಿ ಹೊಸ ಕಾಯಿದೆಯ ಪ್ರಕಾರ ಮೊದಲ ಚುನಾವಣೆ ನಡೆಯಿತು. 474 ನೋಂದಾಯಿತ ಮತದಾರರ ದ್ವೀಪದಲ್ಲಿ ಶಾಸನಸಭೆಯ 28 ಸ್ಥಾನಗಳಿಗೆ 57 ಮಂದಿ ಸ್ಪರ್ಧಿಸಿದ್ದರು. ಹೆಚ್ಚುಕಡಿಮೆ ಎಂಟು ಮತದಾರರಿಗೆ ಒಬ್ಬ ಉಮೇದುವಾರ. 2014ರ ಹೊತ್ತಿಗೆ ಖಾಲಿಯಿದ್ದ 16 ಸ್ಥಾನಗಳಿಗೆ ಸರಿಯಾಗಿ 16 ಮಂದಿ ನಾಮಪತ್ರ ಸಲ್ಲಿಸಿ ಅವಿರೋಧವಾಗಿ ಆಯ್ಕೆಯಾದರು. ಈ ಇಳಿತವನ್ನು ಜನರ ನಿರಾಸಕ್ತಿಯೆಂದು ಓದುವುದು ಅವಸರದ ತೀರ್ಮಾನ ಎಂಬುದು ನನ್ನ ವಾದ.

1565ರಲ್ಲಿ ಮೊದಲನೆಯ ಎಲಿಜಬೆತ್ ರಾಣಿ ಹೆಲಿಯರ್ ಡಿ ಕಾರ್ಟರೆಗೆ ಈ ದ್ವೀಪವನ್ನು ಕೊಟ್ಟಳು. ಅದನ್ನು ಕಾಯಲು 40 ಮಂದಿ ಗಂಡಸರನ್ನು ಅಲ್ಲಿ ನೆಲೆಗೊಳಿಸಬೇಕೆಂಬುದು ಷರತ್ತು. ಆ 40 ಹಿಡುವಳಿಗಳ ಒಡೆಯರಿಗೆ ‘ಚೀಫ್ ಪ್ಲೀಸ್’ ಎಂಬ ಈ ಶಾಸನಸಭೆಯಲ್ಲಿ ಜಮೀನಿನ ಬಲದಿಂದಲೇ ಸ್ಥಾನವಿತ್ತು. ಮುಂದೆ ಜನರಿಂದ ಚುನಾಯಿತರಾದ 12 ಪ್ರತಿನಿಧಿಗಳು ಸೇರಿಕೊಂಡರೂ ಬಹುಮತ ಒಡೆಯರದೇ ಆಗಿ ಉಳಿಯಿತು. 2008ರ ಸುಧಾರಣೆ ಈ ಹಕ್ಕನ್ನು ತೆಗೆದುಹಾಕಿತು.

ಹೊಸ ಪದ್ಧತಿಯಲ್ಲಿ ಇಡೀ ದ್ವೀಪವೇ ಒಂದು ಕ್ಷೇತ್ರ. ಎಷ್ಟು ಸ್ಥಾನಗಳಿವೆಯೋ ಅಷ್ಟು ಹೆಸರುಗಳಿಗೆ ಮತದಾರ ಗುರುತು ಹಾಕಬಹುದು. ಮತ ಗುಪ್ತ, ಸರಿ. ಆದರೆ ಎಲ್ಲರಿಗೂ ಎಲ್ಲರೂ ಗೊತ್ತಿರುವಲ್ಲಿ ಒಲವು ಗುಪ್ತವಾಗಿ ಉಳಿಯುವುದು ಕಷ್ಟ. ಅದಕ್ಕೆ ತೆರಬೇಕಾದ ಬೆಲೆ ಮೊದಲ ಚುನಾವಣೆಯಲ್ಲೇ ಕಂಡಿತು. ಪಕ್ಕದ ಬ್ರೆಕು ದ್ವೀಪದ ಒಡೆಯರೂ ಸಾರ್ಕ್‌ನಲ್ಲಿ ಹೋಟೆಲುಗಳನ್ನು ಹೊಂದಿದ್ದವರೂ ಆದ ಬಾರ್ಕ್ಲೇ ಸೋದರರು ಬೆಂಬಲಿಸಿದವರಲ್ಲಿ ಹೆಚ್ಚಿನವರು ಸೋತರು. ಫಲಿತಾಂಶದ ಬೆನ್ನಲ್ಲೇ ಸೋದರರು ತಮ್ಮ ವ್ಯವಹಾರಗಳನ್ನು ಮುಚ್ಚಿಸಿದರು. ಕೆಲವು ವಾರಗಳ ನಂತರ ಅವು ತೆರೆದವು ನಿಜ. ಆದರೂ ಉದ್ಯೋಗದಾತರು ಬೆರಳೆಣಿಕೆಯಷ್ಟಿರುವ ಊರಿನಲ್ಲಿ ಮತಪತ್ರಕ್ಕೂ ಅನ್ನಕ್ಕೂ ನಡುವಿನ ಅಂತರ ಎಷ್ಟು ಕಿರಿದೆಂಬುದನ್ನು ಇಷ್ಟು ನೇರವಾಗಿ ತೋರಿಸುವ ಪ್ರಸಂಗಗಳು ವಿರಳ.

ಉಮೇದುವಾರರು ಕಡಿಮೆಯಾಗಲು ಇನ್ನೊಂದು ಕಾರಣ ದುಡಿಮೆಯದು. ಸಾರ್ಕ್‌ನಲ್ಲಿ ಮಂತ್ರಿಮಂಡಲವಿಲ್ಲ, ಆಡಳಿತ ನಡೆಯುವುದು ಸಭೆಯ ಸಮಿತಿಗಳ ಮೂಲಕ, ಸದಸ್ಯರಿಗೆ ಸಂಬಳವಿಲ್ಲ. ಪ್ರವಾಸಿಗರನ್ನೋ ಹೊಲವನ್ನೋ ನಂಬಿ ಬದುಕುವವರು ಸ್ವಂತ ಕೆಲಸ ಬಿಟ್ಟು ಊರಿನ ಕಡತ ನೋಡಬೇಕು. ತೆರಿಗೆ, ರಸ್ತೆ, ಬಂದರಿನ ವಿಚಾರದಲ್ಲಿ ನೆರೆಯವರಿಗೆ ಬೇಡವಾದ ತೀರ್ಮಾನ ಕೊಟ್ಟು ಮರುದಿನ ಅವರ ಮುಂದೆಯೇ ಓಡಾಡಬೇಕು. ಮುಂದೆ ಸಭೆಯನ್ನೇ 28ರಿಂದ 18 ಸ್ಥಾನಗಳಿಗೆ ಇಳಿಸಲಾಯಿತು. ಇದರಿಂದ ಬೇಕಾದ ಉಮೇದುವಾರರ ಸಂಖ್ಯೆ ತಗ್ಗಿತೇ ಹೊರತು ಸಮಿತಿಗಳ ಕೆಲಸ ತಗ್ಗಲಿಲ್ಲ. ಉಳಿದವರ ಹೆಗಲಿಗೆ ಅದು ಇನ್ನಷ್ಟು ಭಾರವಾಗಿ ಬಿತ್ತು.