ಬಿದನೂರಿನ ಬಾವಿ ಕಲಿಸುವ ಪಾಠ



ನಮ್ಮ ಅಜೆಕಾರಿನಿಂದ ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿದರೆ ಶಿವಮೊಗ್ಗ ಜಿಲ್ಲೆ. ಆ ಜಿಲ್ಲೆಯ ಹೊಸನಗರ ತಾಲೂಕಿನ ನಗರವೇ ಹಿಂದಿನ ಬಿದನೂರು. 2018ರಲ್ಲಿ ಅಲ್ಲಿನ ಹಳೆಯ ಬಾವಿಯೊಂದರ ಹೂಳಿನಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ದೊರೆತವು. ಅವು ಟಿಪ್ಪು ಸುಲ್ತಾನರ ಕಾಲದವೆಂದು ಪುರಾತತ್ವ ಇಲಾಖೆ ಗುರುತಿಸಿತು. ರಾಕೆಟ್‌ಗಳೇನೋ ಉಳಿದವು, ಅವನ್ನು ಹಾರಿಸುತ್ತಿದ್ದವರ ಪರಿಣತಿ ಏನಾಯಿತು?

1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರು ರಾಕೆಟ್‌ಗಳು ಇಂಗ್ಲಿಷರನ್ನು ಕಂಗೆಡಿಸಿದ್ದವು. ಬಿದಿರಿನ ಕೋಲಿಗೆ ಕಟ್ಟಿದ ಆ ಕೊಳವೆಯನ್ನು ಎಷ್ಟು ಓರೆಯಾಗಿ ಹಿಡಿಯಬೇಕೆಂಬುದು ಕೊಳವೆಯ ಗಾತ್ರವನ್ನೂ ಗುರಿಯ ದೂರವನ್ನೂ ಅವಲಂಬಿಸಿತ್ತು. ಆ ಲೆಕ್ಕ ಬಲ್ಲವನೇ ರಾಕೆಟ್ ಯೋಧ. ಟಿಪ್ಪು ಇಂಥ ತರಬೇತಿಯನ್ನು ಬಾಯಿಮಾತಿಗೆ ಬಿಡಲಿಲ್ಲ. ಝೈನುಲ್ ಆಬಿದೀನ್ ಶುಸ್ತರಿ ಅವರಿಂದ ‘ಫತ್ಹುಲ್ ಮುಜಾಹಿದೀನ್’ ಎಂಬ ಪಾರ್ಸಿ ಸೇನಾ ಕೈಪಿಡಿಯನ್ನು ಬರೆಸಿದರು. ಕವಾಯತಿನ ಕ್ರಮ, ಆಜ್ಞೆಗಳು, ಒಂದೊಂದು ಕುಶೂನ್ ದಳಕ್ಕೆ 200 ರಾಕೆಟ್ ಯೋಧರು ಎಂಬ ವ್ಯವಸ್ಥೆ, ಎಲ್ಲವೂ ಲಿಖಿತವಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೈಪಿಡಿಯ ಪ್ರತಿಗಳು ಉಳಿದವು, ಪಳಗಿದ ದಳಗಳು ಚದುರಿದವು. ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ 1804ರಿಂದ ವಿಲಿಯಂ ಕಾಂಗ್ರೀವ್ ಪ್ರಯೋಗಕ್ಕಿಳಿದರು. ಲಂಡನ್ನಿನಲ್ಲಿ ಸಿಗುತ್ತಿದ್ದ ರಾಕೆಟ್‌ಗಳನ್ನು ಹಾರಿಸಿ, ಬಿದ್ದ ದೂರವನ್ನು ಅಳೆದರು: ಸುಮಾರು 600 ಗಜ. ಮದ್ದು, ಕೊಳವೆಗಳನ್ನು ತಿದ್ದಿ ಮತ್ತೆ ಅಳೆದರು. ಕೆಲವೇ ವರ್ಷಗಳಲ್ಲಿ ಅದು 2000 ಗಜ ಮುಟ್ಟಿತು. 1807ರಲ್ಲಿ ಕೋಪನ್‌ಹೇಗನ್ ಆ ರಾಕೆಟ್‌ಗಳಿಂದ ಹೊತ್ತಿ ಉರಿಯಿತು. ನಮ್ಮ ನಾಡಿನ ವಿದ್ಯೆ ಅಳತೆಯ ಮೂಲಕ ಪರರ ಪಾಲಾಯಿತು!

ವಿದ್ಯಾರ್ಥಿ ಮಿತ್ರರೇ, ಇಂದು ಸೇನಾ ತರಬೇತಿ ನಡೆಯುವುದೇ ಇಂಥ ದಾಖಲೆಯ ಮೇಲೆ. ನಿಮ್ಮಲ್ಲಿ ಎನ್‌ಸಿಸಿ ಸೇರಿದವರಿಗೆ ಇದು ಗೊತ್ತು. ಹಾಜರಿ, ಕವಾಯತು, ನಕ್ಷೆ ಓದುವಿಕೆ, ಗುರಿ ಹೊಡೆತ, ಇವೆಲ್ಲಕ್ಕೂ ಲೆಕ್ಕವಿದೆ. ‘ಎ’, ‘ಬಿ’, ‘ಸಿ’ ಪ್ರಮಾಣಪತ್ರಗಳು ಆ ಲೆಕ್ಕದ ಫಲ. ಗುರಿಹಲಗೆಯಲ್ಲಿ ಗುಂಡುಗಳೆಲ್ಲ ಒಂದೇ ಕಡೆ ಒತ್ತಾಗಿ ಬಿದ್ದಿದ್ದರೆ ಕೈ ಸ್ಥಿರವಾಗಿದೆ, ಬಂದೂಕಿನ ಗುರಿ ತಿದ್ದಿದರೆ ಸಾಕು. ಚದುರಿ ಬಿದ್ದಿದ್ದರೆ ಅಭ್ಯಾಸ ಸಾಲದು. ಅಂಕ ಹೇಳುವುದು ಸೋಲು ಗೆಲುವನ್ನಷ್ಟೇ ಅಲ್ಲ, ಎಲ್ಲಿ ತಿದ್ದಬೇಕೆಂಬುದನ್ನೂ.

ನಿಮ್ಮ ಅಂಕಪಟ್ಟಿಯನ್ನೂ ಹೀಗೆಯೇ ಓದಿರಿ. ತಪ್ಪಿದ ಗುರಿಯನ್ನೂ ಬರೆದಿಡಿ. ಬಾವಿಯಲ್ಲಿ ಹೂತ ಕಬ್ಬಿಣ ಇನ್ನೂರು ವರ್ಷದ ಮೇಲೂ ಸಿಕ್ಕಿತು. ಅದನ್ನು ಹಾರಿಸಿದ ಕೈಗಳ ಅನುಭವ ಮಾತ್ರ ಯಾವ ಬಾವಿಯಲ್ಲೂ ಸಿಗದು.